ಪಿಸುಮಾತಿಗೆ ಎರಡು ವ್ಯಾಟ್

ಜಪಾನಿನ ಸಕಾಯ್ ಊರಿನ ಸೈಕಲ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂಬತ್ತು ವರ್ಷ ಚಕ್ರದ ಕಡ್ಡಿಗಳನ್ನು ಪರೀಕ್ಷಿಸಿದ ಕುರಹಾಶಿ ಮೊರಿಯೊಗೆ ತನ್ನ ಕಿವಿಯ ಮೇಲೆ ಇದ್ದಷ್ಟು ನಂಬಿಕೆ ಬೇರೆ ಯಾರ ಮೇಲೂ ಇರಲಿಲ್ಲ. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ, ಇದು ಬಿಗಿ, ಇದು ಸಡಿಲ ಎಂದು ನಿಂತಲ್ಲೇ ಹೇಳಿಬಿಡುತ್ತಿದ್ದ. ಅಳೆಯುವ ಯಂತ್ರ ಬಂದ ಮೇಲೂ ಮೇಸ್ತ್ರಿಗಳು ಅವನನ್ನೇ ಕೇಳುತ್ತಿದ್ದರು. ಅಂಥ ಕಿವಿಯವನಿಗೆ ಹೆಂಡತಿ ಹೇಳಿದ ಒಂದು ಮಾತು ಕೇಳಿಸಲಿಲ್ಲ. ಕಥೆ ಇಷ್ಟೇ. ಆದರೆ ಇಷ್ಟರಲ್ಲೇ ಒಬ್ಬ ಮನುಷ್ಯನ ನೆಮ್ಮದಿಯೆಲ್ಲ ಮಣ್ಣುಪಾಲಾಯಿತು.

ಎಪ್ಪತ್ತರ ದಶಕದ ಆರಂಭದಲ್ಲಿ ಉಗಿಬಂಡಿಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಾಗ, ಅವುಗಳ ಸದ್ದನ್ನು ಟೇಪಿನಲ್ಲಿ ಹಿಡಿದಿಡುವ ಹುಚ್ಚು ಊರೂರಿಗೂ ಹಬ್ಬಿತು. ಭಾನುವಾರ ಬಂತೆಂದರೆ ಗಂಡಸರು ಹೆಗಲಿಗೆ ರೆಕಾರ್ಡರ್ ಏರಿಸಿಕೊಂಡು ಹಳಿಯ ಪಕ್ಕ ಸಾಲಾಗಿ ನಿಲ್ಲುವರು. ಮೊರಿಯೊ ಅವರಲ್ಲೊಬ್ಬ. ಅವರ ಸಂಘಕ್ಕೆ ಒಂದೇ ಕಟ್ಟಳೆ: ಟೇಪಿನಲ್ಲಿ ಮನುಷ್ಯರ ದನಿ ಇರಕೂಡದು. ಕಾಗೆ ಕೂಗಲಿ, ನಾಯಿ ಬೊಗಳಲಿ, ಅಡ್ಡಿಯಿಲ್ಲ. ಮನುಷ್ಯ ಕೆಮ್ಮಿದರೆ ಟೇಪು ಕೆಟ್ಟಿತು. ಕೆಟ್ಟ ತುಂಡನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ತೆಗೆದು, ಉಳಿದೆರಡು ತುದಿಗಳನ್ನು ಬಿಳಿ ಪಟ್ಟಿಯಿಂದ ಅಂಟಿಸಬೇಕು. ನಕಲು ಮಾಡಿಕೊಂಡು ಅದನ್ನು ಕೊಯ್ದರಾಗದೇ ಎಂದು ಯಾವನಾದರೂ ಹೊಸಬ ಕೇಳಿದರೆ ಸಂಘದವರೆಲ್ಲ ನಕ್ಕುಬಿಡುತ್ತಿದ್ದರು. ನಕಲಿನಲ್ಲಿ ಸದ್ದಿನ ಹೊಳಪು ಹೋಗುತ್ತದೆ. ಮರ್ಯಾದಸ್ಥರು ಮೂಲವನ್ನೇ ಕೊಯ್ಯುತ್ತಾರೆ. ಈ ಕೆಲಸದಲ್ಲಿ ಮೊರಿಯೊನ ಕೈ ಎಷ್ಟು ಪಳಗಿತ್ತೆಂದರೆ ಬೇರೆಯವರೂ ತಮ್ಮ ಟೇಪುಗಳನ್ನು ಅವನಿಗೇ ತಂದುಕೊಡುತ್ತಿದ್ದರು.

ಹೆಂಡತಿ ಸುಗಿಯೆ ಎಲ್ಲ ಕಡೆಗೂ ಜೊತೆಗೆ ಹೋಗುತ್ತಿದ್ದಳು. ಎರಡನೆಯ ಮೈಕ್ ಹಿಡಿಯಲು ಒಂದು ಆಳು ಬೇಕಿತ್ತಲ್ಲ! ಹಿಮ ಬೀಳುವಾಗಲೂ ಉಸಿರು ಬಿಗಿಹಿಡಿದು ನಿಲ್ಲುವಳು. ಮನೆಗೆ ಬಂದ ಮೇಲೆ ಅವನು ಕೊಯ್ದು ಬಿಸಾಕಿದ ಟೇಪಿನ ತುಂಡುಗಳನ್ನು ಆರಿಸಿಟ್ಟುಕೊಂಡು, ಹಳೇ ಪೇಪರಿನ ಕಟ್ಟುಗಳಿಗೆ ದಾರದ ಬದಲು ಸುತ್ತುವಳು. ತಿಂಗಳಿಗೊಮ್ಮೆ ಮೈಕಿನಲ್ಲಿ ಕೂಗುತ್ತಾ ಬರುವ ವ್ಯಾನಿನವನು ಆ ಕಟ್ಟುಗಳನ್ನು ಒಯ್ದು, ಬದಲಿಗೆ ಪಾಯಿಖಾನೆಯ ಕಾಗದದ ಸುರುಳಿ ಕೊಟ್ಟುಹೋಗುತ್ತಿದ್ದ. ಹೆಂಡತಿಯ ಈ ಜಾಣತನವನ್ನು ಮೊರಿಯೊ ಸಂಘದಲ್ಲಿ ಹೇಳಿಕೊಂಡು ನಗುತ್ತಿದ್ದುದುಂಟು.

ತೊಂಬತ್ತಮೂರರ ಜನವರಿಯಲ್ಲಿ ಸುಗಿಯೆ ತೀರಿಕೊಂಡಳು. ಮಕ್ಕಳಿರಲಿಲ್ಲ. ನಲವತ್ತೊಂಬತ್ತನೆಯ ದಿನದ ತಿಥಿಯ ಊಟ ಮುಗಿದು, ಬಂದವರೆಲ್ಲ ಎದ್ದುಹೋದ ಮೇಲೆ, ಅವಳ ತಂಗಿ ಕಿನುಯೊ ಬಟ್ಟಲು ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಭಾವ, ಆ ಘಟ್ಟದಲ್ಲಿ ಅಕ್ಕ ನಿಮಗೇನು ಹೇಳಿದ್ಳು?"

"ಯಾವ ಘಟ್ಟ?"

"ಕೊನೇ ರೈಲು ನೋಡೋಕೆ ಹೋಗಿದ್ರಲ್ಲ, ಎಪ್ಪತ್ತೆರಡರ ಮಾರ್ಚಲ್ಲಿ. ಹಿಂದಿನ ದಿನ ಅವಳು ಡಾಕ್ಟರ ಹತ್ರ ಹೋಗಿದ್ಳು. ಏನಂದ್ರು ಅಂತ ಕೇಳಿದ್ರೆ, ಮೊದ್ಲು ಅವರಿಗೆ ಹೇಳ್ತೀನಿ, ಆಮೇಲೆ ನಿನಗೆ ಅಂದ್ಳು. ವಾಪಸ್ ಬಂದ್ಮೇಲೆ ಕೇಳ್ದೆ. 'ಹೇಳ್ದೆ, ಅವರು ಕೈ ಎತ್ತಿದ್ರು' ಅಂದ್ಳು. ಅಷ್ಟೇ. ಇಪ್ಪತ್ತೊಂದು ವರ್ಷ ಆಯ್ತು, ಜಪ್ಪಯ್ಯ ಅಂದ್ರೂ ಬಾಯಿ ಬಿಡ್ಲಿಲ್ಲ."

ಮೊರಿಯೊಗೆ ಕೈ ಎತ್ತಿದ್ದು ನೆನಪಿತ್ತು. ಬಂಡಿ ಸುರಂಗ ದಾಟಿ, ಸದ್ದು ಕಣಿವೆಯಲ್ಲಿ ಕರಗುತ್ತಿರುವಾಗ, ಅದೇ ಎಲ್ಲಕ್ಕಿಂತ ಬೆಲೆಯುಳ್ಳ ಗಳಿಗೆ, ಪಕ್ಕದಲ್ಲಿ ಇವಳು ಏನೋ ಅಂದಳು. ಇವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮುಳ್ಳು ಅಲುಗುವ ಮೀಟರನ್ನೇ ನೋಡುತ್ತಿದ್ದವನು, ತಿರುಗದೆ ಅಂಗೈ ಎತ್ತಿ ತಡೆದ. ಹಿಂತಿರುಗುವಾಗ ರೈಲಿನಲ್ಲಿ "ಅಲ್ಲೇನೋ ಅಂದೆಯಲ್ಲ, ಏನದು?" ಎಂದು ಕೇಳಿದ್ದ. "ಏನಿಲ್ಲ ರೀ, ಕಿತ್ತಳೆ ತಿಂತೀರಾ?" ಎಂದು ಸಿಪ್ಪೆ ಸುಲಿದು ಕೊಟ್ಟಿದ್ದಳು. ತಿಂದಿದ್ದ.

ಮದುವೆಯಾಗಿ ಹತ್ತು ವರ್ಷವಾದ, ಮೂವತ್ತಾರರ ಹೆಂಗಸು ಡಾಕ್ಟರರಿಂದ ತಿಳಿದುಕೊಂಡು ಬಂದದ್ದು ಏನಿರಬಹುದು? ಆಗುತ್ತದೆ ಎಂದೋ, ಎಂದಿಗೂ ಆಗದು ಎಂದೋ? ಅಥವಾ ಆಗಿದೆ ಎಂದೇ ಇದ್ದು, ಆಮೇಲೆ ಇವನಿಗೆ ತಿಳಿಯದಂತೆ ಕಳೆದೂ ಹೋಯಿತೋ? ಅವಳು ಒಬ್ಬಳೇ ಏನನ್ನು ಹೊತ್ತುಕೊಂಡು ಅಷ್ಟು ವರ್ಷ ಅನ್ನ ಬಡಿಸಿದಳು? ಡಾಕ್ಟರು ಸತ್ತು ಎಷ್ಟೋ ಕಾಲವಾಗಿತ್ತು. ಉಳಿದದ್ದು ಟೇಪೊಂದೇ.

ಅವನ ಕಪಾಟಿನಲ್ಲಿ ನೂರ ನಲವತ್ತು ಸುರುಳಿಗಳಿದ್ದವು. ಆ ಮಾರ್ಚ್ ತಿಂಗಳದ್ದನ್ನು ತೆಗೆದು ಯಂತ್ರಕ್ಕೆ ಹಾಕಿದ. ಬಂಡಿ ಬಂತು, ಏದುಸಿರು ಬಿಡುತ್ತಾ ಏರಿತು, ಸುರಂಗ ಹೊಕ್ಕಿತು. ಆಮೇಲೆ ಬರೀ ಸುಸ್ಸೆನ್ನುವ ಸದ್ದು. ಅವಳ ದನಿ ಈ ಸುಸ್ಸಿನ ಹಿಂದೆ ಮುಚ್ಚಿಹೋಗಿದೆ, ನನ್ನ ಆಂಪ್ಲಿಫಯರಿಗೆ ಅದನ್ನು ಎತ್ತುವ ತಾಕತ್ತಿಲ್ಲ ಎಂದು ಮೊರಿಯೊ ತೀರ್ಮಾನಿಸಿದ. ಗಂಡಸರಿಗೆ ಇದೊಂದು ರೋಗ. ಏನೇ ಕಳೆದುಹೋದರೂ ಅದನ್ನು ಹುಡುಕಿಕೊಡುವ ಯಂತ್ರ ಎಲ್ಲೋ ಅಂಗಡಿಯಲ್ಲಿದೆ ಎಂದೇ ನಂಬಿರುತ್ತಾರೆ.

ಒಸಾಕಾದ ನಿಪ್ಪೊಂಬಾಶಿಯ ಹಿಂಬದಿಯ ಗಲ್ಲಿಯಲ್ಲಿ ಶಿನೊಹಾರ ಎಂಬವನ ಅಂಗಡಿಯಿತ್ತು. ಮೊರಿಯೊ ತನ್ನ ಹಳೆಯ ಆಂಪ್ಲಿಫಯರನ್ನು ಅಲ್ಲಿ ಕೊಟ್ಟು, ಅದಕ್ಕಿಂತ ಎರಡು ಪಟ್ಟು ಬಲದ, ಮುನ್ನೂರು ವ್ಯಾಟಿನ ದೈತ್ಯನನ್ನು ಮನೆಗೆ ತಂದ. ಸುಸ್ಸೆನ್ನುವ ಸದ್ದೂ ಎರಡು ಪಟ್ಟಾಯಿತು. ವಾಪಸು ಹೊತ್ತು, ಬೇರೊಂದು ತಂದ. ಅದು ಸುಸ್ಸೆನ್ನದೆ ಗುಂಯ್‌ಗುಟ್ಟಿತು. ಮೂರನೆಯದನ್ನೂ ವಾಪಸು ಹೊತ್ತುಕೊಂಡು ಹೋದಾಗ ಶಿನೊಹಾರ ಬಾಗಿಲಲ್ಲೇ ತಡೆದ.

"ಬನ್ನಿ ಬನ್ನಿ ಕುರಹಾಶಿ-ಸಾನ್. ಮತ್ತೆ ಹೊತ್ಕೊಂಡು ಬಂದ್ರಾ? ನಿಮ್ಮ ಸೊಂಟ ಹಿಡ್ಕೊಂಡ್ರೆ ಆಸ್ಪತ್ರೆ ಖರ್ಚು ನಾನು ಕೊಡಲ್ಲ, ಈಗ್ಲೇ ಹೇಳಿದೀನಿ."

"ಇದೂ ಆಗ್ಲಿಲ್ಲ. ಇನ್ನೂ ದೊಡ್ಡದು ಇದ್ರೆ ತೋರ್ಸು."

"ಅಲ್ಲ ಸ್ವಾಮಿ, ನಿಮ್ಮ ಮನೇಲಿ ಇರೋ ಸ್ಪೀಕರ್ ಯಾವುದು?"

ಬಾಗಿಲು ಹಾಕಿದ ಸಿನಿಮಾ ಮಂದಿರವೊಂದರಿಂದ ತಂದದ್ದು, ಕಹಳೆ ಬಾಯಿಯದು, ಎಂದು ಮೊರಿಯೊ ಹೇಳಿದ. ಆರು ಚಾಪೆ ಹಾಸುವಷ್ಟೇ ಅಗಲದ ಕೋಣೆಯಲ್ಲಿ ಅವೆರಡೂ ನಿಂತರೆ ಮನುಷ್ಯ ಅಡ್ಡ ತಿರುಗಿ ನಡೆಯಬೇಕಿತ್ತು. ಶಿನೊಹಾರ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ ಪುಣ್ಯಾತ್ಮ! ಸಾವಿರ ಜನಕ್ಕೆ ಕೇಳಿಸೋ ಸ್ಪೀಕರ್ ಅದು. ಅದರ ಕಿವೀಲಿ ಪಿಸುಗುಟ್ಟಿದ್ರೂ ಊರಿಗೆಲ್ಲಾ ಕೂಗಿ ಹೇಳುತ್ತೆ. ಅಂಥದ್ದಕ್ಕೆ ಮುನ್ನೂರು ವ್ಯಾಟ್ ಕಟ್ಟಿದ್ರೆ, ಆಂಪ್ಲಿಫಯರು ಹೊಟ್ಟೇಲಿ ಗೊಣಗೋದನ್ನೆಲ್ಲಾ ಅದು ಕೂಗುತ್ತೆ. ಬಲ ಜಾಸ್ತಿ ಆಗಿರೋದೇ ನಿಮ್ಮ ತೊಂದರೆ. ಎರಡು ವ್ಯಾಟ್ ಸಾಕು. ಬಾಯಿ ಮುಚ್ಚಿಕೊಂಡಿರೋ ಎರಡು ವ್ಯಾಟ್. ಇಷ್ಟಕ್ಕೂ ಏನು ಕೇಳ್ಬೇಕು ಅಂತ ಇಷ್ಟು ಒದ್ದಾಡ್ತಿದೀರಿ? ಯಾವ ಹಾಡು?"

"ಹಾಡಲ್ಲ. ಮನೆಯವಳ ಒಂದು ಮಾತು. ರೈಲಿನ ಸದ್ದಿನ ಹಿಂದೆ ಇದೆ."

ಶಿನೊಹಾರ ತಮಾಷೆ ನಿಲ್ಲಿಸಿದ. ಒಳಗೆ ಹೋಗಿ, ತಾನೇ ಕೈಯಾರೆ ಮಾಡಿದ್ದ ಪುಟ್ಟ ವಾಲ್ವ್ ಆಂಪ್ಲಿಫಯರೊಂದನ್ನು ತಂದಿಟ್ಟ. ಎರಡು ಗಾಜಿನ ಬುರುಡೆಗಳು, ಒಂದು ಗುಂಡಿ, ಬೇರೇನಿಲ್ಲ.

"ತಗೊಂಡು ಹೋಗಿ. ಮನೇಲಿ ಕೇಳಿ, ಆಮೇಲೆ ಮಾತು. ಆದ್ರೆ ಒಂದು ತಿಳ್ಕೊಳ್ಳಿ ಕುರಹಾಶಿ-ಸಾನ್, ಇದು ಇಲ್ಲದೇ ಇರೋದನ್ನ ತಂದುಕೊಡಲ್ಲ. ಟೇಪಲ್ಲಿ ಇದ್ರೆ ಮುಚ್ಚಿಡೋದೂ ಇಲ್ಲ."

ಮೊರಿಯೊ ಅದನ್ನು ಚೌಕದ ಬಟ್ಟೆಯಲ್ಲಿ ಗಂಟುಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಸಕಾಯ್‌ಗೆ ಬಂದ. ಸುಗಿಯೆ ಹೋದ ಮರುವರ್ಷದ ಆಗಸ್ಟ್ ತಿಂಗಳ ಮಧ್ಯಾಹ್ನ. ಹೊರಗೆ ಜೀರುಂಡೆಗಳು ಕಿವಿ ತೂತಾಗುವಂತೆ ಅರಚುತ್ತಿದ್ದವು. ಕಿಟಕಿಗಳನ್ನೆಲ್ಲ ಮುಚ್ಚಿದ, ಸಂದುಗಳಿಗೆ ಹಳೇ ಬಟ್ಟೆ ತುರುಕಿದ. ಫ್ಯಾನು ನಿಲ್ಲಿಸಿದ. ಫ್ರಿಜ್ಜಿನ ವೈರು ಕಿತ್ತ. ಸುಗಿಯೆಯ ಫೋಟೊದ ಮುಂದೆ ಇಟ್ಟಿದ್ದ ಗಡಿಯಾರವನ್ನೂ ಒಯ್ದು ಬಚ್ಚಲಲ್ಲಿಟ್ಟ. ಮೈಯೆಲ್ಲ ಬೆವರು ಹರಿಯುತ್ತಿತ್ತು. ಆಂಪ್ಲಿಫಯರಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಆ ದೊಡ್ಡ ಕಹಳೆಗಳು ಉಸಿರೆತ್ತಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಅವನ ಎದೆ ಹಗುರಾಯಿತು.

ಬಂಡಿ ಬಂತು. ಏರಿತು, ಸುರಂಗ ಹೊಕ್ಕಿತು. ಈ ಸಲ ಸುರಂಗದ ಆಚೆಗೂ ಅದು ಹೋಗುತ್ತಿರುವುದು ಕೇಳಿಸಿತು. ಟೇಪಿನ ಸುಸ್ಸು ಇತ್ತು, ಆದರೆ ತೆಳ್ಳಗೆ, ಅದರ ಹಿಂದೆ ಎಲ್ಲವೂ ಬಿಡಿಬಿಡಿಯಾಗಿ ಇತ್ತು. ಕೆಳಗಿನ ಹೊಳೆ. ಯಾವುದೋ ಹಕ್ಕಿ. ಎಡಗಡೆ, ಬಲು ಹತ್ತಿರ, ಜಲ್ಲಿಕಲ್ಲಿನ ಮೇಲೆ ಯಾರೋ ಕಾಲು ಬದಲಿಸಿದರು. ರಬ್ಬರ್ ಬೂಟು. ಆ ಬೂಟನ್ನು ಅವನೇ ಕೊಡಿಸಿದ್ದ. ಆಮೇಲೆ ಉಸಿರು ಒಳಗೆಳೆದುಕೊಂಡ ಸದ್ದು. ಆಮೇಲೆ ಅವಳ ದನಿ:

"ರೀ—"

ತುಪ್ ಎಂದಿತು. ಹೊಳೆ ಮುಂದುವರಿಯಿತು. ಹಕ್ಕಿ ಇರಲಿಲ್ಲ.

ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. "ರೀ—" ತುಪ್. ಮತ್ತೆ ಹಾಕಿದ. ಎಷ್ಟು ಬಾರಿ ಹಾಕಿದನೋ, ಅಡುಗೆಮನೆಯಲ್ಲಿ ಫ್ರಿಜ್ಜಿನ ನೀರು ಹರಿದು ಚಾಪೆಯವರೆಗೆ ಬಂದಿತ್ತು. ಇಷ್ಟಾದರೂ ಅವನಿಗೆ ಹೊಳೆದದ್ದು ಆಂಪ್ಲಿಫಯರಿನ ದೋಷವೇ ಇರಬೇಕು ಎಂದು. ಬೇರೆ ಯೋಚನೆ ಬಾರದಂತೆ ಅವನು ಅದನ್ನೇ ಬಿಗಿಯಾಗಿ ಹಿಡಿದುಕೊಂಡ ಎಂದರೂ ಸರಿ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತ, ಒಂದು ಕೈಯಲ್ಲಿ ಆಂಪ್ಲಿಫಯರು, ಇನ್ನೊಂದರಲ್ಲಿ ಟೇಪಿನ ಡಬ್ಬಿ.

"ಇದು ಮಾತನ್ನ ನುಂಗುತ್ತೆ. ಒಂದು ಅಕ್ಷರ ಕೊಟ್ಟು ನುಂಗಿಬಿಡುತ್ತೆ. ಬೇರೆ ಕೊಡು."

ಶಿನೊಹಾರ ತನ್ನ ಯಂತ್ರಕ್ಕೆ ಟೇಪು ಹಾಕಿ, ಆ ಜಾಗ ಬಂದಾಗ ನಿಲ್ಲಿಸಿದ. ಸುರುಳಿಯನ್ನು ಕೈಯಿಂದಲೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಕನ್ನಡಕ ಹಣೆಗೇರಿಸಿ, ಟೇಪನ್ನು ದೀಪದ ಹತ್ತಿರ ಎಳೆದುಕೊಂಡ. ಅದರ ಬೆನ್ನ ಮೇಲೆ ಬೆರಳಗಲದ ಬಿಳಿ ಪಟ್ಟಿ.

"ಆಂಪ್ಲಿಫಯರು ಏನೂ ನುಂಗಿಲ್ಲ ಸ್ವಾಮಿ. ಇಲ್ಲಿ ಕೊಯ್ದು ಅಂಟಿಸಿದಾರೆ. ಆಹಾ, ಯಾರ ಕೈಯಪ್ಪಾ ಇದು! ಇಪ್ಪತ್ತು ವರ್ಷ ಆದ್ರೂ ಒಂದು ಎಳೆ ಎದ್ದಿಲ್ಲ. ಓರೆ ನೋಡಿ ಹೇಗಿದೆ. ನಲವತ್ತು ವರ್ಷದಿಂದ ಈ ಕಸುಬಲ್ಲಿದೀನಿ, ಇಂಥ ಜೋಡಣೆ ನಾನು ನೋಡಿಲ್ಲ. ಬೇರೆ ಯಾವ ಆಂಪ್ಲಿಫಯರಲ್ಲೂ ಇದು ಗೊತ್ತೇ ಆಗ್ತಿರ್ಲಿಲ್ಲ. ಯಾರು ಮಾಡಿದ್ದು?"

ಮೊರಿಯೊ ಕುರ್ಚಿ ಹುಡುಕಿ ಕುಳಿತ.

ಎಲ್ಲವೂ ನೆನಪಾಯಿತು. ಸಂಘದ ಸ್ಪರ್ಧೆಗೆ ಕಳಿಸಬೇಕಿತ್ತು. ಊಟದ ಮಣೆಯ ಮೇಲೆ ದೀಪ ಎಳೆದುಕೊಂಡು ಕುಳಿತಿದ್ದ. ಸುರುಳಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ದನಿ ಇರುವ ಜಾಗವನ್ನಷ್ಟೇ ಗುರುತಿಸಿದ್ದ, ಮಾತು ಏನೆಂದು, ಎಷ್ಟುದ್ದವೆಂದು ಗಮನಿಸಿರಲಿಲ್ಲ. "ರೀ" ಅನ್ನುವುದನ್ನೂ ತೆಗೆಯಬೇಕೆಂದಿದ್ದ, ಆದರೆ ಅಲ್ಲಿ ಸುರಂಗದ ಮಾರ್ದನಿಯ ಬಾಲವಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಿರಲಿಲ್ಲ. ಸುಗಿಯೆ ಚಹಾ ತಂದಿಟ್ಟು, ಅವನು ಕೊಯ್ಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದ್ದಳು. ಯಾವ ಟೇಪೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅವಳು ಓದಿಯೇ ಇರಬೇಕು. ಆಮೇಲೆ ನೆಲದ ಮೇಲೆ ಬಿದ್ದ ತುಂಡನ್ನು ಎತ್ತಿಕೊಂಡು, ಎಂದಿನಂತೆ ಬೆರಳಿಗೆ ಸುತ್ತಿಕೊಳ್ಳುತ್ತಾ ಒಳಗೆ ಹೋದಳು. ಆ ತಿಂಗಳ ಪೇಪರಿನ ಕಟ್ಟು ಬಾಗಿಲ ಬಳಿಯೇ ಇತ್ತು.

ಸ್ಪರ್ಧೆಯಲ್ಲಿ ಅವನಿಗೆ ಎರಡನೆಯ ಬಹುಮಾನ ಬಂದಿತ್ತು.

"ನನ್ನ ಹಳೇ ಆಂಪ್ಲಿಫಯರು ಇದ್ಯಾ?" ಎಂದು ಕೊನೆಗೆ ಕೇಳಿದ.

"ಆ ಸುಸ್ಸನ್ನೋದಾ? ಮೂಲೇಲಿದೆ, ಯಾರೂ ಮುಟ್ಟಿಲ್ಲ. ಯಾಕೆ ಕುರಹಾಶಿ-ಸಾನ್? ಈಗ ತಾನೇ ಜೋಡಿ ಕೂಡಿ ಬಂತಲ್ಲ. ನಿಮ್ಮ ಸ್ಪೀಕರಿಗೆ ಇದಕ್ಕಿಂತ ಒಳ್ಳೇದು ಜಪಾನಲ್ಲೇ ಸಿಗಲ್ಲ."

"ಹೌದು. ಒಳ್ಳೇದು. ಅದಕ್ಕೇ ಬೇಡ. ಆ ಸುಸ್ಸಿನ ಹಿಂದೆ ಅವಳು ಮಾತಾಡ್ತಾ ಇದಾಳೆ ಅಂತ ಒಂದೂವರೆ ವರ್ಷ ನಂಬ್ಕೊಂಡಿದ್ದೆ ಕಣಯ್ಯ. ಅಷ್ಟಾದ್ರೂ ಇತ್ತು ನನಗೆ."

ಶಿನೊಹಾರ ಹಳೆಯದನ್ನು ಒರೆಸಿ, ಕಟ್ಟಿಕೊಟ್ಟ. ಅದನ್ನು ರೈಲು ನಿಲ್ದಾಣದವರೆಗೆ ತಾನೇ ಹೊತ್ತು ತಂದ.

ಹಳೆಯ ಆಂಪ್ಲಿಫಯರು ಮತ್ತೆ ಮನೆ ತುಂಬ ಸುಸ್ಸೆಂದಿತು. ಅದರಲ್ಲಿ ಬೂಟಿನ ಸದ್ದಿಲ್ಲ, ಉಸಿರಿಲ್ಲ, "ರೀ" ಇಲ್ಲ. ಆದರೆ ಮೊರಿಯೊನ ಕಿವಿ ಮೂವತ್ತೊಂಬತ್ತು ವರ್ಷ ಕಡ್ಡಿಗಳ ನಡುವೆ ಸಡಿಲವಾದ ಒಂದನ್ನು ಆರಿಸುತ್ತಿದ್ದ ಕಿವಿ. ಒಮ್ಮೆ ಕಂಡುಕೊಂಡ ಜಾಗವನ್ನು ಅದು ಬಿಡಲಿಲ್ಲ. ಎಷ್ಟೇ ಸುಸ್ಸೆಂದರೂ ಆ ತುಪ್ ಅವನಿಗೆ ಕೇಳಿಸುತ್ತಲೇ ಇತ್ತು.

ಈಗಲೂ ಕೆಲವು ಮಧ್ಯಾಹ್ನ ಆ ಟೇಪನ್ನು ಹಾಕುತ್ತಾನೆ. ಬಿಳಿ ಪಟ್ಟಿ ಬರುವ ಹೊತ್ತಿಗೆ ಸರಿಯಾಗಿ ಯಂತ್ರವನ್ನು ನಿಲ್ಲಿಸಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾನೆ, ಅವಳು ಹೇಳಿ ಮುಗಿಸಲಿ ಎಂದು. ಆಮೇಲೆ ಮತ್ತೆ ಶುರು ಮಾಡಬೇಕು. ಯಾವಾಗ ಶುರು ಮಾಡಬೇಕೆಂದು ಅವನಿಗೆ ತಿಳಿಯುವುದಿಲ್ಲ. ಅವಳು ಅವತ್ತು ಎಷ್ಟು ಹೊತ್ತು ಮಾತಾಡಿದ್ದಳೆಂಬುದೂ ಅವನಿಗೆ ಗೊತ್ತಿಲ್ಲ.