ನಡುವಿನ ಜಾಗ

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂಡಿಸಿ ಮಾಡುತ್ತೇವೆ. ಕಾಲು ಮಡಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಮುಖ ಆ ಅಂಗೈ ಕಡೆಗೆ ಬಾಗಿರುವಂತೆ ಕೂಡಿಸುತ್ತೇವೆ. ಹಾಗಾಗಿ ಯಾರಾದರೂ ಊರ ಹೊರಗೆ ತೀರಿಕೊಂಡರೆ, ಮೈ ಸೆಟೆಯುವ ಮುಂಚೆ ಅವರನ್ನು ಕೂಡಿಸಿಕೊಂಡೇ ಮನೆಗೆ ತರಬೇಕು. ಅಫಜಲಪುರದ ಆಚೆ, ಮಣ್ಣೂರಿನ ದಾರಿಯಲ್ಲಿರುವ ನಮ್ಮ ಊರಿನಲ್ಲಿ ಎಪ್ಪತ್ತರ ದಶಕದ ಹೊತ್ತಿಗೆ ಈ ಕೆಲಸಕ್ಕೆ ಒದಗುತ್ತಿದ್ದ ಗಾಡಿ ಒಂದೇ, ಅಪ್ಪನ ಪಿಕಪ್.

ಮಿಲಿಟರಿಯವರು ಲಿಲಾವಿನಲ್ಲಿ ಬೆಲೆ ಕೂಗಿ ಮಾರಿದ ಹಳೆಯ ಗಾಡಿ ಅದು. ಮುಂದೆ ಅಗಲವಾದ ಒಂದೇ ಬೆಂಚು, ಒಳಗೆ ತೆಂಗಿನ ನಾರು, ಮೇಲೆ ರೆಕ್ಸಿನ್. ಆ ರೆಕ್ಸಿನ್ ಹಸಿರು ಎಂದು ನನ್ನ ನೆನಪು, ಅಣ್ಣ ಕಪ್ಪು ಎನ್ನುತ್ತಾನೆ. ಹಿಂದೆ ಜೋಳದ ಚೀಲ, ಕಬ್ಬಿನ ಬೀಜ, ಕಬ್ಬು ಕಡಿಯಲು ಹೊರಟ ಆಳುಗಳು. ಮುಂದೆ ಮೂವರು. ದವಾಖಾನೆಯಿಂದ ಹೆಣ ತರುವಾಗ ಅದನ್ನು ನಡುವೆ ಕೂಡಿಸಿ, ಒಂದು ಕಡೆಯಿಂದ ಅಪ್ಪನ ತೋಳು, ಇನ್ನೊಂದು ಕಡೆಯಿಂದ ಮನೆಯವರ ತೋಳು ಒತ್ತಿ ಹಿಡಿಯುತ್ತಿದ್ದವು. ಗಾಡಿ ಎಷ್ಟೇ ಕುಲುಕಿದರೂ ಹೆಣ ನೆಟ್ಟಗೆ ಬರುತ್ತಿತ್ತು. ಮರುದಿನ ಅದೇ ಜಾಗದಲ್ಲಿ ಕುಳಿತು ನಾನು ಸಾಲಿಗೆ ಹೋಗುತ್ತಿದ್ದೆ. ಹೆದರಿಕೆ ಆಗುತ್ತಿತ್ತೋ ಇಲ್ಲವೋ, ಈಗ ಹೇಳಲಾರೆ.

ತೊಂಬತ್ತರ ಹೊತ್ತಿಗೆ ಅಪ್ಪನ ಬೆನ್ನು ಹೋಯಿತು. ಬೆನ್ನುಹುರಿಯಲ್ಲಿ ಗಂಟಿದೆ ಎಂದರು. ಗಾಡಿ ಅಣ್ಣನ ಕೈಗೆ ಬಂತು. ನಾನು ವಿಶ್ವವಿದ್ಯಾಲಯದ ಓದು ಮುಗಿಸಿ, ಎರಡು ಮೂರು ಊರು ಬಿಟ್ಟು, ಆಗ ಆಳಂದದಲ್ಲಿ ಪಾಠ ಹೇಳಿಕೊಂಡಿದ್ದೆ. ಗುಲಬರ್ಗಾದ ದವಾಖಾನೆಗೆ ಅಪ್ಪನನ್ನು ಮತ್ತೆ ಮತ್ತೆ ಒಯ್ಯಬೇಕಿತ್ತು, ಆ ಬೆಂಚಿನ ಮೇಲೆ ಅವನು ಕೂಡಲಾರದೆ ಹಲ್ಲು ಕಚ್ಚುತ್ತಿದ್ದ. ಜೇವರ್ಗಿಯ ಹೆದ್ದಾರಿ ಬದಿಯ ಗುಜರಿಯಲ್ಲಿ ಅಪಘಾತವಾದ ಒಂದು ಹೊಸ ಕಾರು ಬಂದಿದೆಯೆಂದೂ ಅದರ ಮುಂದಿನ ಎರಡು ಸೀಟು ಚೆನ್ನಾಗಿವೆಯೆಂದೂ ಅಣ್ಣನಿಗೆ ಯಾರೋ ಹೇಳಿದರು. ಮೂವರೂ ಹೋದೆವು.

ಅಲ್ಲಿಯ ಮಿಸ್ತ್ರಿ ಬೆಂಚಿನ ಬೋಲ್ಟು ಬಿಚ್ಚಿ, ತಳಕ್ಕೆ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿ, ಬೂದು ಬಟ್ಟೆಯ ಸೀಟುಗಳನ್ನು ಕೂಡಿಸಿದ. ತಲೆ ಆನಿಸಲು ದಿಂಬು, ಪಕ್ಕದ ಖಟಕಾ ಎಳೆದರೆ ಹಿಂದಕ್ಕೆ ಒರಗುವ ಬೆನ್ನು.

"ಕುಂತ್ರ ನಿದ್ದಿನೇ ಬರ್ತದ್ರಿ," ಎಂದ ಮಿಸ್ತ್ರಿ. "ಗಾಡಿ ಹೊಡ್ಯಾಂವಗ ಬರಬಾರ್ದು, ಅಷ್ಟ ನೋಡ್ಕೋರಿ."

ಕೆಳಗೆ ಬಿದ್ದಿದ್ದ ಬೆಂಚನ್ನು ಅಪ್ಪ ಕೋಲಿನಿಂದ ತಟ್ಟಿದ.

"ಎರಡು ಕುರ್ಚಿ ಹಾಕ್ದಿ. ನಡಬರಕ ಯಾರ್ನ ಕುಂಡ್ರಸ್ತೀಯಲೇ?"

"ನಡಬರಕ ಗೇರ್ ಕುಂಡ್ರತದ," ಎಂದ ಅಣ್ಣ. "ನೀ ಹಿಂದಕ ಒರಗ್ಯಪ್ಪ ಮೊದ್ಲ. ಹ್ಯಾಂಗನಸ್ತದ ಹೇಳು."

ಅಪ್ಪ ಒರಗಿದ. ಕಣ್ಣು ಮುಚ್ಚಿದ. "ಸುಖ ಅದ," ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ಬಹಳ ದಿನವಾಗಿತ್ತು.

"ನಾಳಿಗಿ ನನ್ನ ಹ್ಯಾಂಗ ತರ್ತೀರಿ" ಎಂದೂ ಅವನು ಅಂದ ಎನ್ನುವುದು ನನ್ನ ನೆನಪಿನಲ್ಲಿದೆ. ಇದನ್ನು ನಾನು ನಂಬುವುದಿಲ್ಲ. ಆಮೇಲೆ ಆದದ್ದಕ್ಕೆ ಅದು ತೀರಾ ಸರಿಯಾಗಿ ಹೊಂದುತ್ತದೆ. ಅಣ್ಣನೂ ಅಂದಿಲ್ಲ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಯಾರಿಗೂ ಆ ವಿಚಾರ ಹೊಳೆಯಲಿಲ್ಲ ಎಂಬುದೇ ನಿಜವಿರಬೇಕು. ಬೆಂಚನ್ನು ಮನೆಗೆ ತಂದು ಪಡಸಾಲೆಯ ಗೋಡೆಗೆ ಹಚ್ಚಿದೆವು.

ಕಬ್ಬು ಕಡಿಯುವ ಕಾಲ. ಇನ್ನು ಮನೆಗೆ ಒಯ್ಯಿರಿ ಎಂದು ದವಾಖಾನೆಯವರು ಹೇಳಿದರು. ಬೆಳಿಗ್ಗೆಯೇ ಹೊರಟೆವು. ಮುಂದೆ ಅಪ್ಪ, ಅಣ್ಣ. ನನಗೆ ಈಗ ಮುಂದೆ ಜಾಗವಿರಲಿಲ್ಲ, ಹಿಂದೆ ಹಾಸಿಗೆ ಗಂಟಿನ ಮೇಲೆ ಕುಳಿತಿದ್ದೆ. ನಡುವೆ ಒಂದು ಸಣ್ಣ ಗಾಜು. ಅದರಲ್ಲಿ ಅಪ್ಪನ ತಲೆಯ ರುಮಾಲು ಕಾಣುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅದು ನನ್ನ ಕಡೆಗೆ ಒರಗಿ ಗಾಜಿಗೆ ಹತ್ತಿರ ಬಂತು. "ಹಿಂದಕ ಮಾಡಲೇ, ನೋಯಾಕತ್ತದ" ಎಂದು ಅಪ್ಪ ಅಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಎಂಜಿನ್ನಿನ ಸದ್ದಿನಲ್ಲಿ, ಮುಚ್ಚಿದ ಗಾಜಿನ ಈಚೆ ಕುಳಿತವನಿಗೆ ಅದು ಕೇಳಿಸಿರಲು ಸಾಧ್ಯವೇ ಇಲ್ಲ. ಆ ಮಾತು ಅಣ್ಣ ಆಮೇಲೆ ಹೇಳಿದ್ದು. ದನಿ ಮಾತ್ರ ಅಪ್ಪನದೇ.

ಮುಂದೆ ಹಳ್ಳದ ಸಣ್ಣ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಉರುಳಿ ದಾರಿ ಪೂರಾ ಮುಚ್ಚಿತ್ತು. ನಮ್ಮ ಹಿಂದೆಯೂ ಗಾಡಿಗಳು ಬಂದು ನಿಂತವು. ಅಲ್ಲಿಯೇ ಅಪ್ಪ ಹೋದ. ದಾರಿ ನೋಡಲು ಇಳಿದಿದ್ದ ನಾವು ನೀರು ಕುಡಿಸಲು ಬಾಗಿಲು ತೆಗೆದಾಗ ಅವನ ಬಾಯಿ ಅರ್ಧ ತೆರೆದಿತ್ತು, ಮುಖ ಗಾಡಿಯ ಛಾವಣಿ ನೋಡುತ್ತಿತ್ತು.

ಅಣ್ಣ ಮೊದಲು ಮಾಡಿದ ಕೆಲಸ ಖಟಕಾ ಎಳೆದದ್ದು. ಬೆನ್ನು ಏಳಲಿಲ್ಲ. ಅಪಘಾತದಲ್ಲಿ ಒಳಗೆ ಏನು ಬಾಗಿತ್ತೋ, ಒರಗಿದ್ದು ಒರಗಿದಲ್ಲಿಯೇ ಕಚ್ಚಿ ನಿಂತಿತ್ತು. ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಅಣ್ಣ ಸೀಟಿನ ಕೆಳಗೆ ತೂರಿದ. ನಾನು ಹಾಸಿಗೆ ತಂದು ಅಪ್ಪನ ಬೆನ್ನ ಹಿಂದೆ ತುರುಕಿದೆ. ಸೊಂಟ ಮುಂದೆ ಬಂತು, ತಲೆ ಮತ್ತಷ್ಟು ಹಿಂದೆ ಬಿತ್ತು.

ಕಬ್ಬು ಇಳಿಸುತ್ತಿದ್ದ ಒಬ್ಬ ಮುದುಕ ಬಂದು ನೋಡಿದ. "ಕೆಳಗ ಇಳಿಸಿ ಗಾಲಿಗಿ ಆನಿಸಿ ಕುಂಡ್ರಸ್ರೆಪ. ಹೊತ್ತು ಹೋಗಾಕತ್ತದ."

"ರಸ್ತಾದಾಗ ಕುಂಡ್ರಸಬೇಕೇನು ನಮ್ಮಪ್ಪನ್ನ?" ಎಂದ ಅಣ್ಣ, ಸೀಟಿನ ಕೆಳಗಿನಿಂದಲೇ. "ಊರ ಮಂದಿ ಹೆಣ ಎಲ್ಲಾ ಮುಂದ ಕುಂಡ್ರಿಸ್ಕೊಂಡು ತಂದಾಂವ ಅವ. ಈಗ ದಾರಿ ಬಿಡ್ತಾರ, ತಡೀರಿ."

ಈಗ ಬಿಡುತ್ತಾರೆ, ಇನ್ನೇನು ಎತ್ತಿದರು ಎಂದು ಎಲ್ಲರೂ ಹೇಳುತ್ತಲೇ ಇದ್ದರು. ನನಗೂ ಅದೇ ಅನಿಸಿತ್ತು. ಬಿಸಿಲಿಗೆ ಗಾಡಿಯ ತಗಡು ಕಾಯುತ್ತಿತ್ತು. ಮಧ್ಯಾಹ್ನ ದಾಟಿ ನೆರಳು ಉದ್ದವಾದಾಗ ದಾರಿ ಬಿಟ್ಟಿತು. ಆಗ ಅಣ್ಣ ಸೋತ. ಇಬ್ಬರೂ ಸೇರಿ ಅಪ್ಪನನ್ನು ಎತ್ತಿ ಹಿಂದಕ್ಕೆ ತಂದೆವು. ಅಣ್ಣ ನನ್ನ ಬೆನ್ನಿಗೆ ಅಪ್ಪನ ಬೆನ್ನು ಹಚ್ಚಿ, ಇಬ್ಬರನ್ನೂ ಸೇರಿಸಿ ಧೋತರದಿಂದ ಕಟ್ಟಿದ. ಆದರೆ ಕುತ್ತಿಗೆ ಆಗಲೇ ಗಟ್ಟಿಯಾಗಿತ್ತು. ದಾರಿಯುದ್ದಕ್ಕೂ ಅವನ ತಲೆ ನನ್ನ ಹೆಗಲ ಮೇಲೆ ಹಿಂದಕ್ಕೆ ಒರಗಿ, ಪ್ರತಿ ಕುಲುಕಿಗೂ ನನ್ನ ಕಿವಿಗೆ ಬಡಿಯುತ್ತಿತ್ತು.

ಮನೆಯಲ್ಲಿ ಅವನನ್ನು ಪಡಸಾಲೆಯ ಹಳೆಯ ಬೆಂಚಿನ ಮೇಲೆ ಕೂಡಿಸಿ ಎರಡೂ ಕಡೆ ನಾವು ಒತ್ತಿ ಕುಳಿತೆವು. ಬಿಸಿನೀರು ಹಾಕಿದರು, ಕುತ್ತಿಗೆ ತಿಕ್ಕಿದರು. ಅವ್ವ ಎದುರಿಗೆ ನಿಂತು ನೋಡಿದಳು.

"ಯಾಕ ಮ್ಯಾಲ ನೋಡಾಕತ್ತಾನ?" ಎಂದು ಕೇಳಿದಳು. "ಕೈ ಕಡಿ ನೋಡಬೇಕಲ್ಲ ಅಂವ. ಲಿಂಗ ಇಟ್ರ ಕಾಣಬೇಕಲ್ಲ."

ನನಗೆ ಇಂಥದರಲ್ಲಿ ನಂಬಿಕೆಯಿರಲಿಲ್ಲ. ಕಣ್ಣು ಮುಚ್ಚಿದ ಮೇಲೆ ಯಾವ ಕಡೆ ನೋಡಿದರೇನು ಎಂದು ವಾದಿಸಬಲ್ಲವನಾಗಿದ್ದೆ. ಆದರೂ ಮಣ್ಣು ಮಾಡುವ ಕುಣಿಯೊಳಗೆ ಅಣ್ಣನ ಜೊತೆ ಇಳಿದವನು ನಾನೇ. ಅಪ್ಪನ ನೆತ್ತಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಒತ್ತಿ ಹಿಡಿದೆ. ಸುತ್ತ ವಿಭೂತಿ ಗಟ್ಟಿ ತುಂಬುತ್ತ ಬಂದರು. ಕೈ ತೆಗಿ ಎಂದರು. ತೆಗೆದೆ. ತಲೆ ಬಾಗಿಯೇ ನಿಂತಿತೋ, ಮತ್ತೆ ಹಿಂದಕ್ಕೆ ಹೋಯಿತೋ, ಅದೊಂದು ನನ್ನಲ್ಲಿ ಇಲ್ಲ. ಅಂಗೈಯಲ್ಲಿ ಒತ್ತಿದ ನೆನಪಿದೆ. ಆಮೇಲಿನದು ಬರೀ ಬೂದಿ.

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿಯೇ ಅಪ್ಪನ ಮುಖದ ವಿಚಾರ ಕೇಳಿದಳು. "ಮಾರಿ ಕೆಳಗಾತೇನು?"

"ಆತಬೇ," ಎಂದ ಅಣ್ಣ. "ಅಂಗೈನೇ ನೋಡಾಕತ್ತಿದ್ದ."

ಅದನ್ನು ಅವನು ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ನನಗೂ ಕೆಲವು ವರ್ಷ ಆ ಮುಖ ಹಾಗೆಯೇ ಕಂಡಿತು.

ಆ ಸೀಟುಗಳನ್ನು ಅಣ್ಣ ತಾನೇ ಕಿತ್ತು ಹಾಕಿ ಬೆಂಚನ್ನು ಮತ್ತೆ ಕೂಡಿಸಿದ. ಎಷ್ಟೋ ವರ್ಷಗಳ ಮೇಲೆ ಅದೇ ದವಾಖಾನೆಯಲ್ಲಿ ಅವ್ವ ತೀರಿಕೊಂಡಾಗ ಆ ಗಾಡಿ ಇನ್ನೂ ಓಡುತ್ತಿತ್ತು. ಅವ್ವ ನಡುವೆ, ಅವಳ ಒಂದು ಕಡೆ ಅಣ್ಣನ ತೋಳು, ಇನ್ನೊಂದು ಕಡೆ ನನ್ನದು. ದಾರಿ ಖಾಲಿಯಿತ್ತು. ಸೆರಗು ಸರಿದು ಬೀಳದಂತೆ ನಾನು ಅವಳ ತಲೆ ಹಿಡಿದಿದ್ದೆ. ಹಳ್ಳದ ಸೇತುವೆ ಬಂದಾಗ ಅಣ್ಣ ಗಾಡಿ ನಿಧಾನ ಮಾಡಿದ. ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ:

"ತಮ್ಮಾ, ಅಪ್ಪನ ಮಾರಿ ಕೆಳಗ ಇತ್ತಲ್ಲ?"

ಅಷ್ಟು ವರ್ಷ ಅವನು ಅವ್ವನಿಗೆ ಹೇಳುತ್ತ ಬಂದದ್ದನ್ನು ಈಗ ನನ್ನನ್ನು ಕೇಳುತ್ತಿದ್ದ. ನಡುವೆ ಅವ್ವ ನೆಟ್ಟಗೆ ಕುಳಿತಿದ್ದಳು, ಮುಖ ಮಡಿಲಿನ ಕಡೆಗೆ.

"ಇತ್ತಣ್ಣ," ಎಂದೆ.