ಕೊಟ್ಟಿಗೆಯ ಗೂಡಿನಲ್ಲಿ ಒಣಗಿದ ಗೆರೆ

ನನ್ನ ಮೊಮ್ಮಗಳಿಗೆ ಈಗ ಏಳು ತಿಂಗಳು. ಬರೆಯಲು ಕೂತರೆ ಪೆನ್ನು ಕಿತ್ತುಕೊಳ್ಳುತ್ತಾಳೆ, ಕೊಡದಿದ್ದರೆ ನನ್ನ ಮೂಗುಬೊಟ್ಟಿಗೆ ಕೈ ಹಾಕುತ್ತಾಳೆ. ಈ ಮೂರು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದಿದ್ದೇನೆ. ಎದ್ದರೂ ಬೇಸರವಿಲ್ಲ. ನೂರು ಸಲ ಏಳಿಸಲಿ. ಅವಳನ್ನು ಎತ್ತಿಕೊಂಡರೆ ನನ್ನ ಮಂಡಿನೋವು ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ.

ಆದರೆ ನಾನು ಬರೆಯಬೇಕೆಂದಿರುವುದು ಅವಳು ಹುಟ್ಟುವುದಕ್ಕಿಂತ ಮೊದಲಿನ ಮಾತು. ಅದರಲ್ಲಿ ನನ್ನದೊಂದು ತಪ್ಪಿದೆ.

ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ನಾಲ್ಕು ಹಸು, ಎರಡು ಎಕರೆ ರಾಗಿ, ಒಂದಿಷ್ಟು ಟೊಮೇಟೊ. ಮಗ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಬಂಗಾರಪೇಟೆಯ ಹುಡುಗಿ, ಓದಿದವಳು, ಕೆಜಿಎಫ್‌ನ ಒಂದು ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಬೆಳಿಗ್ಗೆ ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟರೆ ಮನೆಯಲ್ಲಿ ಉಳಿಯುವುದು ನಾನು, ನಮ್ಮ ಯಜಮಾನರು, ಹಸುಗಳು.

ಮದುವೆಯಾಗಿ ಮೂರು ವರ್ಷವಾದರೂ ಸೊಸೆಗೆ ಏನೂ ನಿಂತಿರಲಿಲ್ಲ. ನಾನು ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಪ್ರತಿ ತಿಂಗಳೂ ಅವಳು ತಲೆಗೆ ನೀರು ಹಾಕಿಕೊಂಡು ಬಂದ ದಿನ ನನ್ನ ಮುಖ ಹೇಗಿರುತ್ತಿತ್ತೋ, ಅದು ಅವಳಿಗೆ ಕಾಣುತ್ತಿತ್ತು. ಕೇಳುವುದಕ್ಕಿಂತ ಅದೇ ಹೆಚ್ಚಾಯಿತೇನೋ ಎಂದು ಈಗ ಅನ್ನಿಸುತ್ತದೆ.

ಅವಳು ಮೆಡಿಕಲ್ ಶಾಪಿನಿಂದ ಕಿಟ್ ತಂದು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಬೆರಳುದ್ದದ ಬಿಳಿ ಪ್ಲಾಸ್ಟಿಕ್ಕು, ನಡುವೆ ಒಂದು ಪುಟ್ಟ ಕಿಟಕಿ. ಬೆಳಗಿನ ಮೊದಲ ಮೂತ್ರ ನಾಲ್ಕು ತೊಟ್ಟು ಬಿಟ್ಟರೆ ಒಂದು ಗೆರೆ ಬರುತ್ತದೆ. ಅದು ಎಲ್ಲರಿಗೂ ಬರುವ ಗೆರೆ. ಎರಡನೆಯದು ಬಂದರೆ ಬಸುರಿ. ಇಷ್ಟನ್ನು ಅವಳೇ ಒಮ್ಮೆ ನನಗೆ ಹೇಳಿದ್ದಳು. ನನ್ನ ತಲೆಯಲ್ಲಿ ನಿಂತದ್ದೂ ಇಷ್ಟೇ.

ಆ ದಿನ ಶನಿವಾರ. ಅವರಿಬ್ಬರೂ ಹೊರಟ ಮೇಲೆ ಬಚ್ಚಲ ಹಿಂದೆ ಗುಡಿಸುವಾಗ ಕಸದಲ್ಲಿ ಆ ಪ್ಲಾಸ್ಟಿಕ್ಕು ಸಿಕ್ಕಿತು. ಒಂದೇ ಗೆರೆ ಇತ್ತು. ಬಿಸಾಡಬೇಕಿತ್ತು. ಕೈ ಬರಲಿಲ್ಲ. ಈಗಿನವರಿಗೆ ಎಲ್ಲದರಲ್ಲೂ ಆತುರ, ಇದಕ್ಕೂ ಸಮಯ ಕೊಟ್ಟಿರಲಿಕ್ಕಿಲ್ಲ ಎಂದುಕೊಂಡೆ. ನಾನು ಜೀವನಪೂರ್ತಿ ಹಾಲಿಗೆ ಹೆಪ್ಪು ಹಾಕಿದವಳು, ರಾಗಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದವಳು. ಏನನ್ನೇ ಆದರೂ ಒಂದು ಕಡೆ ಇಟ್ಟು ಬಿಟ್ಟರೆ ತಾನಾಗಿ ಆಗುತ್ತದೆ ಎಂಬುದು ನನ್ನ ಕೈಗೆ ಅಂಟಿಕೊಂಡಿದ್ದ ಬುದ್ಧಿ. ಅದನ್ನು ಒರೆಸಿ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ಹಾಲಿನ ಡೈರಿಯ ಕಾರ್ಡು ಇಡುವ ಜಾಗದಲ್ಲಿ ಇಟ್ಟೆ.

ನಮ್ಮ ಯಜಮಾನರು ಕಾರ್ಡು ತೆಗೆಯಲು ಹೋದವರು ಕೂಗಿಕೊಂಡರು. "ಲೇ, ಏನೇ ಇದು? ಎಲ್ಲಿದ್ದುದ್ನ ತಂದು ಆಲಿನ್ ಕಾರ್ಡ್ ಪಕ್ದಾಗೆ ಮಡಗಿದ್ದೀಯಲ್ಲೇ!"

"ಸುಮ್ಕಿರಯ್ಯಾ. ಮುಟ್ಬೇಡ. ಅದು ಆಗ್ತಾ ಐತೆ."

"ಏನಾಗ್ತಾ ಐತೆ?"

"ನಿಂಗ್ಯಾಕೆ? ಓಗು, ಉಲ್ಲು ಆಕು."

ಹುಲ್ಲು ಹಾಕಿ ಬಂದು ಅವರೂ ಇಣುಕಿದರು. ಮಧ್ಯಾಹ್ನ ಹೊತ್ತಿಗೆ ನೋಡಿದರೆ ಎರಡನೆಯ ಗೆರೆ! ಮೊದಲನೆಯದು ಕೆಂಪಗಿತ್ತು. ಇದಕ್ಕೆ ಬಣ್ಣ ಕಮ್ಮಿ, ಒಗೆದ ಬಿಳಿ ಬಟ್ಟೆಯಲ್ಲಿ ಉಳಿದ ಟೀ ಕಲೆಯ ಹಾಗೆ. ಆದರೂ ಗೆರೆ ಗೆರೆಯೇ. ಯಜಮಾನರಿಗೆ ತೋರಿಸಿದೆ. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಐತೆ ಕಣೇ" ಎಂದರು. ನನಗೆ ಅಷ್ಟೇ ಸಾಕಾಯಿತು. ಸೊಸೆ ಬರುವ ತನಕ ಕಾಯಲಿಲ್ಲ. ಬಂಗಾರಪೇಟೆಗೆ, ಅವಳ ತಾಯಿಗೆ, ನನ್ನ ಬೀಗಿತ್ತಿಗೆ ಫೋನ್ ಮಾಡಿದೆ. ಆಕೆ ಅತ್ತರು, ನಾನೂ ಅತ್ತೆ. ಸಂಜೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಹೇಳಿದೆ.

ಸಂಜೆ ಸೊಸೆ ಬಂದು ಕೇಳಿದವಳೇ ಬ್ಯಾಗು ಇಳಿಸುವುದನ್ನೂ ಮರೆತು ನಿಂತಳು.

"ಅತ್ತೆ, ನಾನು ಬೆಳಿಗ್ಗೆ ನೋಡಿದಾಗ ಒಂದೇ ಇತ್ತು."

"ನಿಂಗೆ ಆತ್ರ ಕಣಮ್ಮಿ. ಎಪ್ಪು ಆಕಿದ್ ಗಳ್ಗೇಗೇ ಮುಚ್ಳ ತೆಗೆದ್ರೆ ಮೊಸ್ರಾಗಿರ್ತದಾ? ನೋಡಿಲ್ಲಿ."

ಅವಳು ಅದನ್ನು ಬಲ್ಬಿನ ಕೆಳಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. ಓದಿದವಳು, ಅವಳಿಗೆ ಅನುಮಾನ ಇದ್ದೇ ಇತ್ತು. ಆದರೆ ಮೂರು ವರ್ಷ ಕಾದವಳ ಕಣ್ಣು ಅನುಮಾನವನ್ನು ಎಷ್ಟು ಹೊತ್ತು ಇಟ್ಟುಕೊಂಡೀತು? ಮರುದಿನ ಬೆಳಿಗ್ಗೆ ಇನ್ನೊಂದು ಕಿಟ್ಟಿನಲ್ಲಿ ನೋಡಿದಳು. ಅದನ್ನೂ ನನ್ನ ಮಾತು ಕೇಳಿ ಎರಡು ಗಂಟೆ ಹೊತ್ತು ಇಟ್ಟಳು. ಅದರಲ್ಲೂ ಅದೇ ಬಣ್ಣವಿಲ್ಲದ ಗೆರೆ ಮೂಡಿತು. ಆಮೇಲೆ ಅವಳು ನಕ್ಕ ನಗುವನ್ನು ನಾನು ಮರೆತಿಲ್ಲ.

ಅಷ್ಟರಲ್ಲಿ ಬೀಗಿತ್ತಿ ರೈಲು, ಬಸ್ಸು ಎರಡೂ ಹತ್ತಿ ಬಂದಿಳಿದರು. ಒಂದು ಡಬರಿ ತುಂಬ ಕಜ್ಜಾಯ, ಎರಡು ಡಜನ್ ಹಸಿರು ಬಳೆ. ಮಗಳ ಕೈಗೆ ತಾವೇ ಬಳೆ ತೊಡಿಸಿ, ಸಂಜೆ ಬಂಗಾರಪೇಟೆಗೆ ವಾಪಸಾದರು. ನಾನು ಮನೆಮನೆಗೆ ಕಜ್ಜಾಯ ಹಂಚಿ ಬಂದೆ.

ಐದನೇ ದಿನ ಸೊಸೆ ಸ್ಕೂಲಿಗೆ ಹೋಗಲಿಲ್ಲ. ಬಚ್ಚಲಿನಿಂದ ಬಂದವಳು ಗೋಡೆಗೆ ಒರಗಿ ಕೂತಳು. ನಾನು ಕೇಳುವ ಮೊದಲೇ ಗೊತ್ತಾಯಿತು. ಅವಳು ಅಳಲಿಲ್ಲ. ಕೈಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ, ಇಷ್ಟೇ ಹೇಳಿದಳು.

"ಅಮ್ಮನಿಗೆ ನೀವೇ ಹೇಳಿ ಅತ್ತೆ."

ನಾನೇ ಹೇಳಬೇಕಿತ್ತು, ನ್ಯಾಯವೇ. ಫೋನ್ ಹಿಡಿದು ಕೊಟ್ಟಿಗೆಯಲ್ಲಿ ನಿಂತೆ. ಆ ಕಡೆಯಿಂದ ಬೀಗಿತ್ತಿ, "ಏನಕ್ಕಾ, ವಾಂತಿ ಗೀಂತಿ ಶುರುವಾಯ್ತಾ?" ಎಂದು ನಗುತ್ತ ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಆ ಕಡೆ ನಗು ನಿಂತದ್ದು ಮಾತ್ರ ನೆನಪಿದೆ.

ಡೈರಿಯ ಸಾಲಿನಲ್ಲಿ ಒಬ್ಬಳು ತೆಲುಗಿನಲ್ಲಿ ಅತ್ತಿಗೆ ಎಂದು ಕರೆದು ಕೊಂಕಿದಳು. "ಏಮ್ ವದಿನಾ, ಕಜ್ಜಾಯ ತಿಂದಿದ್ದು ಲೆಕ್ಕಕ್ಕಿಲ್ವಾ? ವಾಪಸ್ ಕೊಡ್ಬೇಕಾ?" ಸುತ್ತ ನಾಲ್ಕು ಜನ ನಕ್ಕರು. ನನಗೆ ಅಂದದ್ದಕ್ಕೆ ಬೇಜಾರಿಲ್ಲ. ಆದರೆ ಅದೇ ಮಾತು ಸೊಸೆಯ ಕಿವಿಗೂ ಬಿತ್ತು.

ಅದಾದ ಮೇಲೆ ಅವಳು ನನ್ನಿಂದ ಎಲ್ಲವನ್ನೂ ಮುಚ್ಚಿಟ್ಟಳು. ಕಿಟ್ಟುಗಳನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೋಗಿ ಕೆಜಿಎಫ್‌ನಲ್ಲೇ ಎಸೆಯುತ್ತಿದ್ದಳಂತೆ. ಮಾತು ಇತ್ತು. ಅನ್ನ, ಸಾರು, ಹಾಲು, ಗಾಡಿ, ಇವುಗಳ ಮಾತು. ಒಂದು ವರ್ಷ ಹಾಗೇ ನಡೆಯಿತು. ಹಸು ಗಬ್ಬವಾಗಲೆಂದು ಇಂಜೆಕ್ಷನ್ ಕೊಡಿಸಿದರೆ ದನದ ಡಾಕ್ಟರು ಬಂದು ಕೈ ಹಾಕಿ ನೋಡುವ ತನಕ, ಮೂರು ತಿಂಗಳು, ಗಬ್ಬವೆಂದು ನಾನು ಯಾರ ಹತ್ತಿರವೂ ಅಂದವಳಲ್ಲ. ಯಾರಾದರೂ ಕೇಳಿದರೂ "ನೋಡೋಣ" ಎನ್ನುತ್ತಿದ್ದೆ. ಅಂಥವಳು ಸೊಸೆಯ ವಿಷಯದಲ್ಲಿ ಮೂರು ಗಂಟೆ ಬಾಯಿ ಹಿಡಿದುಕೊಳ್ಳಲಿಲ್ಲ. ಹಾಲು ಕರೆಯುವಾಗಲೆಲ್ಲ ಇದೇ ಯೋಚನೆ.

ಆಮೇಲೆ ಅವಳು ಬಂಗಾರಪೇಟೆಯಲ್ಲಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿಕೊಳ್ಳಲು ಶುರು ಮಾಡಿದಳು. ತನ್ನ ತಾಯಿಯ ಜೊತೆಯಲ್ಲೇ ಹೋಗುತ್ತಿದ್ದಳು. ಒಂದು ಸಲ ಬೀಗಿತ್ತಿಗೆ ಜ್ವರ, ಮಗನಿಗೆ ಶಿಫ್ಟು. ಬೇರೆ ದಾರಿ ಇಲ್ಲದೆ ನಾನು ಹೊರಟೆ. ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಬಂಗಾರಪೇಟೆ ಬರುವ ತನಕ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ಅವಳ ಚಪ್ಪಲಿ ನೋಡುತ್ತಿದ್ದೆ.

ಡಾಕ್ಟರಮ್ಮನ ಮುಂದೆ ಕೂತಾಗ ನನಗೆ ತಡೆಯಲಾಗಲಿಲ್ಲ. ಹಿಂದೆ ಆದದ್ದನ್ನೆಲ್ಲ ಹೇಳಿಬಿಟ್ಟೆ. "ಎರಡು ಗೆರೆ ನನ್ ಕಣ್ಣಾರೆ ನೋಡ್ದೆ ತಾಯಿ. ಆಮೇಲೆ ಅದೆಂಗೆ ಸುಳ್ಳಾಯ್ತು?"

ಡಾಕ್ಟರಮ್ಮ ನಗಲಿಲ್ಲ. ಅದನ್ನು ಐದು ನಿಮಿಷದೊಳಗೆ ನೋಡಬೇಕು, ಹತ್ತು ನಿಮಿಷ ಕಳೆದರೆ ನೋಡಲೇಬಾರದು, ಒಣಗಿದ ಮೇಲೆ ಸುಮ್ಮನೆ ಒಂದು ಗೆರೆ ಕಾಣುವುದುಂಟು, ಅದಕ್ಕೆ ಬಣ್ಣ ಇರುವುದಿಲ್ಲ, ಅದು ಲೆಕ್ಕಕ್ಕಿಲ್ಲ ಎಂದರು. "ನೀವೊಬ್ಬರೇ ಅಲ್ಲ, ಓದಿದವರೂ ಮಾಡ್ತಾರೆ ಅಮ್ಮ" ಎಂದರು. ಆಮೇಲೆ ಸೊಸೆಗೆ ಇನ್ನೊಂದು ಮಾತು ಹೇಳಿದರು. ಮೊಟ್ಟೆ ಬಿಡುಗಡೆಯಾಗಲು ಇವತ್ತು ಒಂದು ಇಂಜೆಕ್ಷನ್ ಕೊಡುತ್ತೇನೆ, ಕಿಟ್ ಹುಡುಕುವ ವಸ್ತುವೇ ಅದರಲ್ಲೂ ಇರುತ್ತದೆ, ಆದ್ದರಿಂದ ಬೇಗ ನೋಡಿದರೆ ಬಸುರಾಗದಿದ್ದರೂ ಎರಡು ಗೆರೆ ಬರುತ್ತದೆ, ಹದಿನಾರು ದಿನ ಮುಟ್ಟಬೇಡ.

ವಾಪಸು ರೈಲಿನಲ್ಲಿ ಅವಳು ಬ್ಯಾಗಿನಿಂದ ಕಿಟ್ಟಿನ ಡಬ್ಬಿ ತೆಗೆದು ನನ್ನ ಮಡಿಲಲ್ಲಿ ಇಟ್ಟಳು.

"ಇದು ನಿಮ್ಮ ಹತ್ರ ಇರ್ಲಿ ಅತ್ತೆ. ನಾನು ಕೇಳಿದ್ರೂ ಕೊಡಬೇಡಿ."

ಮನೆಗೆ ಬಂದು ಟ್ರಂಕಿನಲ್ಲಿ ನನ್ನ ಧಾರೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದೆ. ಯಜಮಾನರು, "ಒಡ್ವೆ ಗಿಡ್ವೆ ಮಾಡಿಸ್ಕೊಂಡ್ಯಾ?" ಎಂದರು. "ಊಂ" ಎಂದೆ.

ಆರನೇ ದಿನ ಸಂಜೆ ಸೊಸೆ ಕೊಟ್ಟಿಗೆಗೆ ಓಡಿ ಬಂದಳು. ತಡೆಯಲಾಗದೆ ಸ್ಕೂಲಿನ ಹತ್ತಿರ ಇನ್ನೊಂದು ಕಿಟ್ ತಂದಿದ್ದಳು. "ಎರಡೇ ನಿಮಿಷ ಅತ್ತೆ. ನೋಡಿ, ಬಣ್ಣನೂ ಇದೆ!" ಇತ್ತು. ಎರಡೂ ಕೆಂಪಗೆ, ಕುಂಕುಮದಲ್ಲಿ ಎಳೆದ ಹಾಗೆ. ಬಸುರಿ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಹಸುವಿನ ಬೆನ್ನಿನ ಮೇಲೆ ಕೈಯಿಟ್ಟು ನುಂಗಿಕೊಂಡೆ.

"ಇದು ಇಂಜೆಕ್ಷನ್ನಿನ ಗೆರೆ ಕಣಮ್ಮ. ಇನ್ನೂ ಅತ್ತು ದಿನ ಐತೆ."

ಅವಳು ನನ್ನ ಮುಖವನ್ನೇ ನೋಡಿದಳು. "ನೀವಾ ಅತ್ತೆ ಈ ಮಾತು ಹೇಳ್ತಾ ಇರೋದು?" ಎಂದಳು. ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ನನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡಳು. ಒಂದು ವರ್ಷದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅವತ್ತು.

ಹತ್ತನೇ ದಿನ ಇನ್ನೊಂದು ಕಿಟ್ಟಿನಲ್ಲಿ ನೋಡಿದಾಗ ಎರಡನೆಯ ಗೆರೆ ತಿಳಿಯಾಗಿತ್ತು. ಹದಿನೈದನೇ ದಿನ ಅವಳು ಹೊರಗಾದಳು. ಬೀಗಿತ್ತಿಗೆ ಹೇಳುವ ಕಷ್ಟ ಮಾತ್ರ ಈ ಸಲ ಇರಲಿಲ್ಲ. ಏಕೆಂದರೆ ನಾವು ಯಾರಿಗೂ ಏನನ್ನೂ ಹೇಳಿರಲೇ ಇಲ್ಲ. ಇಬ್ಬರೇ ಕೊಟ್ಟಿಗೆಯ ಜಗಲಿಯ ಮೇಲೆ ಕೂತು ಟೀ ಕುಡಿದೆವು. ಒಬ್ಬಳೇ ಗೋಡೆಗೆ ಒರಗಿ ಕೂತಿದ್ದ ಆ ದಿನಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ತಿಂಗಳೂ ಹಾಗೇ ಹೋಯಿತು. ಈಗ ಡಾಕ್ಟರಮ್ಮನ ಹತ್ತಿರ ಅವಳ ಜೊತೆ ಹೋಗುತ್ತಿದ್ದುದು ನಾನೇ. ಅದರ ಮುಂದಿನ ಇಂಜೆಕ್ಷನ್ ಆದ ಮೇಲೆ ಅವಳು ಹದಿನಾರು ದಿನ ಕಿಟ್ ಕೇಳಲೇ ಇಲ್ಲ. ಹದಿನಾರನೇ ದಿನ ಬೆಳಿಗ್ಗೆ ನಾನೇ ಟ್ರಂಕು ತೆಗೆದು ಕೊಟ್ಟೆ. ಗಡಿಯಾರ ಎದುರಿಗಿಟ್ಟುಕೊಂಡು ಇಬ್ಬರೂ ಕೂತೆವು. ಮೂರು ನಿಮಿಷಕ್ಕೆ ಎರಡನೆಯ ಗೆರೆ ಬಂತು. ಬಣ್ಣವಿತ್ತು. ಇಬ್ಬರೂ ನಂಬಲಿಲ್ಲ! ಐದು ನಿಮಿಷ ಆದ ತಕ್ಷಣ ಅವಳು ಫೋನಿನಲ್ಲಿ ಫೋಟೋ ಹಿಡಿದಳು, ನಾನು ಆ ಪ್ಲಾಸ್ಟಿಕ್ಕನ್ನು ತೆಗೆದುಕೊಂಡು ಹೋಗಿ ಎಸೆದು ಬಂದೆ. ಒಣಗಿದ ಮೇಲೆ ಅದರ ಮುಖ ನೋಡುವುದು ನನಗೆ ಬೇಡವಾಗಿತ್ತು.

ಆಮೇಲೆ ರಕ್ತ ಪರೀಕ್ಷೆ. ಎರಡು ದಿನ ಬಿಟ್ಟು ಮತ್ತೊಂದು. ಮೊದಲಿನದಕ್ಕಿಂತ ಲೆಕ್ಕ ಏರಿದೆ, ಒಳ್ಳೆಯದು ಎಂದರು. ಆಮೇಲೆ ಸ್ಕ್ಯಾನು. ಒಳಗೆ ಕರೆದು ಡಾಕ್ಟರಮ್ಮ ಕೇಳಿಸಿದರು. ದೂರದಲ್ಲಿ ಪಂಪ್‌ಸೆಟ್ ಓಡಿದ ಹಾಗೆ ಟಕ್ ಟಕ್ ಟಕ್. ಸೊಸೆ ನನ್ನ ಬೆರಳು ಹಿಡಿದಿದ್ದಳು. ಬಿಡಿಸಿಕೊಂಡಾಗ ಉಂಗುರದ ಗುರುತು ಬಿದ್ದಿತ್ತು.

ಆದರೂ ಬಾಯಿ ಬಿಡಲಿಲ್ಲ. ಡೈರಿಯಲ್ಲಿ ಅದೇ ಹೆಂಗಸು, "ಸೊಸೆ ಯಾಕೋ ಮುಖ ತುಂಬ್ಕೊಂಡವಳೆ ವದಿನಾ?" ಎಂದಾಗ, "ಸ್ಕೂಲಿಗೆ ರಜಾ ಅಲ್ವಾ, ತಿಂತಾಳೆ ಮಲಗ್ತಾಳೆ" ಎಂದು ಕ್ಯಾನು ಎತ್ತಿಕೊಂಡು ಬಂದೆ. ಬೀಗಿತ್ತಿ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಸೊಸೆ ತನ್ನ ತಾಯಿಗೂ ಹೇಳಿರಲಿಲ್ಲ. ಕೊಟ್ಟ ಆಸೆಯನ್ನು ಇನ್ನೊಮ್ಮೆ ಕಿತ್ತುಕೊಳ್ಳುವುದು ಅವಳಿಂದಾಗುತ್ತಿರಲಿಲ್ಲ. ನನಗಂತೂ ರಾತ್ರಿ ನಿದ್ದೆಯಲ್ಲಿ ಎಲ್ಲಿ ಕೂಗಿಬಿಡುತ್ತೇನೋ ಎಂದು ಹೆದರಿಕೆ.

ಮೂರು ತಿಂಗಳ ಸ್ಕ್ಯಾನು ಮುಗಿಸಿ ಬಂದ ದಿನ ಮಧ್ಯಾಹ್ನ. ನಾನು ಹಿಂಡಿ ಕಲಸುತ್ತಿದ್ದೆ. ಸೊಸೆ ಕೊಟ್ಟಿಗೆಗೆ ಬಂದಳು. ಫೋನಿನಲ್ಲಿ ನಂಬರು ಒತ್ತಿ, ಅದು ಆ ಕಡೆ ಹೊಡೆದುಕೊಳ್ಳುತ್ತಿರುವಾಗಲೇ ನನ್ನ ಕಡೆ ಚಾಚಿದಳು.

"ಅಮ್ಮನಿಗೆ ನೀವೇ ಹೇಳಿ ಅತ್ತೆ."

ಅವತ್ತಿನ ಮಾತೇ. ಕೈಯೆಲ್ಲ ಹಿಂಡಿ. ಅವಳೇ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆ ಬೀಗಿತ್ತಿ, "ಹಲೋ, ಏನಮ್ಮಾ, ಈ ಹೊತ್ನಲ್ಲಿ?" ಎಂದರು. ಇಷ್ಟು ದಿನ ಹಿಡಿದಿಟ್ಟ ಮಾತು, ಬಾ ಎಂದರೆ ಬರಲಿಲ್ಲ.

"ಯಾರು? ಯಾರ್ರೀ ಮಾತಾಡೋದು?"

"ನಾನು ಕಣಕ್ಕಾ."

ಬೀಗಿತ್ತಿಯ ದನಿ ಸಣ್ಣದಾಯಿತು. ನಾನು ಫೋನ್ ಮಾಡಿದರೆ ಆಕೆಗೆ ಹೆದರಿಕೆ. "ಏನಾಯ್ತಕ್ಕಾ?"

"ಕಜ್ಜಾಯಕ್ಕೆ ಅಕ್ಕಿ ನೆನೆಯಾಕಿ" ಎಂದೆ. "ಈ ಸಲ ಎದೆ ಬಡಿದಿದ್ದು ನನ್ ಕಿವಿಯಾರೆ ಕೇಳಿದ್ದೀನಿ."