ರಾಕ್ಷಸ ಮರಿಯಾಗಿದ್ದಾಗ

ನಾನು ಡ್ರಾಯಿಂಗ್ ಮೇಷ್ಟ್ರು. ನನಗೆ ಚಿತ್ರ ಬರೆಯಲು ಬರುತ್ತದೆ ಎಂದು ಇದರ ಅರ್ಥವಲ್ಲ. ಸರ್ಕಾರ ಹಾಗೆಂದು ನಂಬಿತ್ತು, ಅಷ್ಟೆ. ಒಮ್ಮೆ ನಾನು ಬೋರ್ಡಿನ ಮೇಲೆ ಬರೆದಿದ್ದ ಹಸುವನ್ನು ನೋಡಿ ಇನ್ಸ್‌ಪೆಕ್ಟರು, "ಮೇಜು ಚೆನ್ನಾಗಿದೆ, ಒಂದು ಕಾಲು ಗಿಡ್ಡ" ಎಂದರು. ಮಕ್ಕಳು ನಕ್ಕರು. ಆ ನಗು ಶಿಡ್ಲಘಟ್ಟದ ಬೀದಿಗಳಲ್ಲಿ ಬಹಳ ದಿನ ನನ್ನ ಜೊತೆಯಲ್ಲೇ ಓಡಾಡಿತು. ಇಂಥವನು ಬೆಟ್ಟದಷ್ಟು ದೊಡ್ಡ ಸಿನಿಮಾ ಮೃಗವೊಂದಕ್ಕೆ ಬಾಲ್ಯ ಬರೆದುಕೊಟ್ಟ ಎಂದರೆ ನೀವು ನಂಬುವುದು ಕಷ್ಟ. ನನಗೂ ಕಷ್ಟವೇ.

ಅರವತ್ತರ ದಶಕದ ಮೊದಲಲ್ಲಿ ನಮ್ಮೂರ ಸಿನಿಮಾ ಟೆಂಟಿಗೆ ಒಂದು ಪರದೇಶದ ಚಿತ್ರ ಬಂತು. ಮನೆಯಲ್ಲಿದ್ದ ನನ್ನ ಸೋದರತ್ತೆ ನಂಜಮ್ಮನನ್ನೂ ಕರೆದುಕೊಂಡು ಹೋದೆ. ಸಮುದ್ರದಿಂದ ಓತಿಕ್ಯಾತದಂಥ ಮಹಾಪ್ರಾಣಿಯೊಂದು ಎದ್ದು ಬಂದು ಸೇತುವೆ ಮುರಿಯಿತು, ರೈಲು ಕಚ್ಚಿತು. ಕೊನೆಗೆ ಸಿಪಾಯಿಗಳು ಅದನ್ನು ಹೊಡೆದು, ಕೊತಕೊತ ಕುದಿಯುವ ನೀರಿಗೆ ಕೆಡವಿದರು. ಟೆಂಟಿಗೆ ಟೆಂಟೇ ಶಿಳ್ಳೆ ಹೊಡೆಯಿತು. ಅತ್ತೆ ಮಾತ್ರ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಯ್ಯೋ ಪಾಪಂ. ಅದು ಮೊದ್ಲು ಏನಾಗಿತ್ತು ಅಂತ ಹೇಳ್ಲೇ ಇಲ್ವಲ್ಲೋ ಸೀನ?" ಎಂದಳು.

ಅವಳ ಆಕ್ಷೇಪಣೆಯಲ್ಲಿ ಶಾಸ್ತ್ರವಿತ್ತು. ನಮ್ಮ ಪುರಾಣಗಳಲ್ಲಿ ರಾಕ್ಷಸನನ್ನು ಹಾಗೆ ಏಕಾಏಕಿ ಕೊಲ್ಲುವುದಿಲ್ಲ. ಅವನು ಹಿಂದೆ ಗಂಧರ್ವನೋ, ದೇವಲೋಕದ ಕಾವಲುಗಾರನೋ ಆಗಿದ್ದ, ಯಾವುದೋ ಮುನಿಯ ಮುಂಗೋಪದಿಂದ ಹೀಗಾದ ಎಂದು ಹೇಳಿ, ಕೇಳುವವರಿಗೆ ಒಂದಿಷ್ಟು ಮರುಕ ಹುಟ್ಟಿಸಿ, ಆಮೇಲೆ ಕೊಲ್ಲುತ್ತಾರೆ. ಹಿಂದಿನ ಕಥೆ ಇಲ್ಲದ ರಾಕ್ಷಸ ಎಂದರೆ ಅತ್ತೆಯ ಪಾಲಿಗೆ ವಿಚಾರಣೆಯಿಲ್ಲದೆ ಗಲ್ಲಿಗೇರಿದ ಅಮಾಯಕ.

ನಾನು ನಕ್ಕು ಮರೆತೆ. ಮಾರನೆಯ ದಿನ ನಗು ಹೋಯಿತು. ಅತ್ತೆ ಹುಳುಮನೆಯ ಒಳಗೆ ಕಾಲಿಡಲಿಲ್ಲ. ನಮ್ಮ ರೇಷ್ಮೆ ಹುಳುಗಳು ಅವಳ ಕೈ ನಂಬಿಕೊಂಡಿದ್ದವು. ನನ್ನ ಹೆಂಡತಿ ಹಿಪ್ಪುನೇರಳೆ ಸೊಪ್ಪು ಹೆಚ್ಚಬಲ್ಲಳು, ಆದರೆ ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅತ್ತೆಗೇ ಗೊತ್ತು. "ಮಕ್ಕಳ ಹಂಗೆ ಸಾಕ್ತೀವಿ, ಗೂಡು ಕಟ್ಟಿದ ಮೇಲೆ ಬಿಸಿನೀರಿಗೆ ಕಳಿಸ್ತೀವಿ. ಆ ಪ್ರಾಣೀನೂ ಯಾರೋ ಸಾಕಿದ್ದೇ ಇರ್ಬೇಕು. ನನ್ ಕೈಲಿ ಆಗಲ್ಲಪ್ಪ," ಎಂದು ಜಗುಲಿಯಲ್ಲಿ ಕುಳಿತುಬಿಟ್ಟಳು. ಅವಳು ಏಳದಿದ್ದರೆ ಆ ಸಲದ ರೇಷ್ಮೆ ಬೆಳೆ ಕೈಬಿಟ್ಟಂತೆಯೇ. ನನಗೆ ನಿಜಕ್ಕೂ ಭಯವಾಯಿತು.

ಅವಳಿಗೆ ಬೇಕಾದದ್ದು ಮೃಗದ ಹಿಂದಿನ ಕಥೆ. ಹೇಳಿದರೆ ನಂಬುವವಳಲ್ಲ, ತೋರಿಸಬೇಕು. ಹಳೆಯ ಡ್ರಾಯಿಂಗ್ ಹಾಳೆಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಂದೊಂದರಲ್ಲೂ ಚೂರು ಚೂರೇ ಬದಲಾಗುವ ಚಿತ್ರ ಬರೆದು ಹೊಲಿದರೆ, ಹೆಬ್ಬೆರಳಿನಿಂದ ಸರ್ರನೆ ಬಿಟ್ಟಾಗ ಚಿತ್ರ ಚಲಿಸುತ್ತದೆ. ಮಾದರಿಗಾಗಿ ಸ್ಕೂಲಿನ ಗೋಡೆಯ ಓತಿಕ್ಯಾತವನ್ನು ಆರಿಸಿದೆ. ನಾನು ತಲೆ ಬರೆಯುವಷ್ಟರಲ್ಲಿ ಅದು ಬಾಲವನ್ನೂ ತೆಗೆದುಕೊಂಡು ಹೋಗಿಬಿಡುತ್ತಿತ್ತು. ಕೊನೆಗೆ ನಾನು ಹುಟ್ಟಿದಾಗಿನಿಂದ ನೋಡಿದ್ದನ್ನೇ ಬರೆದೆ: ಮೊಟ್ಟೆಯಿಂದ ಬರುವುದು, ತಿನ್ನುವುದು, ಬೆಳೆಯುವುದು. ನಡುವೆ ಕೈ ನೋಯತೊಡಗಿದ್ದರಿಂದ ಹನ್ನೊಂದು ಹಾಳೆಗಳಲ್ಲಿ ಅದು ಕತ್ತೆತ್ತಿ ಸುಮ್ಮನೆ ಕೂತಿರುವಂತೆ ಒಂದೇ ಚಿತ್ರವನ್ನು ನಕಲು ಮಾಡಿದೆ. ಸೋಮಾರಿತನ, ಬೇರೇನಲ್ಲ. ಆಮೇಲೆ ಬೆಟ್ಟದಷ್ಟು ಬೆಳೆಸಿದೆ.

ಅತ್ತೆ ಹಾಳೆ ಬಿಟ್ಟಳು. ಮರಿ ತಿಂದಿತು, ಬೆಳೆಯಿತು, ಕತ್ತೆತ್ತಿ ನಿಂತಿತು. ಅಲ್ಲಿಗೆ ಅವಳ ಹೆಬ್ಬೆರಳೂ ನಿಂತಿತು.

"ಇದು ಜ್ವರಕ್ಕೆ ಕೂತಿದೆ ಕಣೋ," ಎಂದಳು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ಹೀಗೇ ಕತ್ತೆತ್ತಿ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಅಲುಗಿಸಬಾರದು. ನಾನು ಮೃಗ ಬರೆಯಲು ಹೋಗಿ ನಮ್ಮ ಮನೆಯ ಹುಳುವನ್ನೇ ಬರೆದಿದ್ದೆ.

"ಹಿಂಗೆ ಕೂತಾಗ್ಲೇ ಯಾವನೋ ಹೋಗಿ ಮುಟ್ಟಿರ್ತಾನೆ. ಅದಕ್ಕೇ ಹಂಗಾಯ್ತು ಅದು," ಎಂದು ತೀರ್ಪು ಕೊಟ್ಟಳು. ಯಾವ ಮುನಿಯ ಶಾಪಕ್ಕೂ ಕಡಿಮೆಯಿಲ್ಲದ ಕಾರಣ. ಆಮೇಲೆ ತಟ್ಟನೆ ಹುಳುಮನೆಯ ಕಡೆ ತಿರುಗಿ, "ನಮ್ಮವು ಮೂರನೇ ಜ್ವರದಿಂದ ಏಳೋ ಹೊತ್ತಲ್ವಾ? ಸೊಪ್ಪು ಹಾಕಿದ್ರಾ?" ಎಂದಳು.

ಯಾರೂ ಹಾಕಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. "ಕೊನೆ ನಮ್ ಕೈಲಿಲ್ಲಪ್ಪ. ಹಸಿದಾಗ ಹಾಕೋದು, ಜ್ವರದಾಗ ಸುಮ್ನಿರೋದು, ಅಷ್ಟು ನಮ್ ಕೈಲಿದೆ," ಎಂದು ಒಳಗೆ ಹೋದಳು. ನನಗೆ ಕಣ್ಣು ತುಂಬಿ ಬಂತು. ಬೆಳೆ ಉಳಿಯಿತೆಂದೋ, ಜೀವಮಾನದಲ್ಲಿ ಮೊದಲ ಸಲ ನನ್ನ ಚಿತ್ರದ ಗುರುತು ಒಬ್ಬರಿಗೆ ಸಿಕ್ಕಿತೆಂದೋ, ಹೇಳಲಾರೆ.

ಆ ಪುಸ್ತಕವನ್ನು ಅತ್ತೆ ಇಟ್ಟುಕೊಂಡಳು. ಬಿಡುವಾದಾಗ ಕೊನೆಯ ಹಾಳೆಯಿಂದ ಹಿಂದಕ್ಕೆ ಬಿಡುತ್ತಿದ್ದಳು. ಬೆಟ್ಟದಂಥ ಮೃಗ ಕುಗ್ಗಿ ಕುಗ್ಗಿ ಮರಿಯಾಗಿ ಮೊಟ್ಟೆಯೊಳಕ್ಕೆ ಹೋಗಿಬಿಡುತ್ತಿತ್ತು.

ಆ ವರ್ಷವೂ ಇನ್ಸ್‌ಪೆಕ್ಟರು ಬಂದರು. ಈ ಸಲ ನನ್ನ ಕುದುರೆಯನ್ನು ನೋಡಿ, "ಬೆಂಚೋ?" ಎಂದರು. ಮಕ್ಕಳು ನಕ್ಕರು. ನಾನು ಮನಸ್ಸಿನಲ್ಲೇ ಅವರ ಹಾಳೆಗಳನ್ನು ಹಿಂದಕ್ಕೆ ಬಿಟ್ಟೆ. ಕೋಟು ಹೋಯಿತು, ಮೀಸೆ ಹೋಯಿತು. ಮೂಗು ಸುರಿಸುತ್ತ ಸ್ಲೇಟು ಹಿಡಿದು ನಿಂತ ಪುಟ್ಟ ಹುಡುಗ ಉಳಿದ. ಇವರು ಕತ್ತೆತ್ತಿ ಕೂತಿದ್ದಾಗ ಯಾರು ಮುಟ್ಟಿದರೋ, ಪಾಪ. ಹೌದು ಸಾರ್, ಬೆಂಚೇ ಎಂದು ಒಪ್ಪಿಕೊಂಡು, ಅವರಿಗೊಂದು ಕಾಫಿ ತರಿಸಿದೆ.